ಅರ್ಧ ಗಂಟೆ ಮುಂದಿರುವ ಹೆಂಡತಿ

ಆ ದಿನ ಬೆಳಿಗ್ಗೆ ನಮ್ಮ ಹಡಗು ಸರಿಯಾಗಿ ಕುಮಟೆಯ ಎದುರಿಗೆ ಬಂದಿತ್ತು. ಎದುರಿಗೆ ಎಂದರೆ ನಡುವೆ ಒಂದು 4,300 ಕಿಲೋಮೀಟರ್ ನೀರು, ಅಷ್ಟೇ. 74 ಡಿಗ್ರಿ 25 ನಿಮಿಷ ಪೂರ್ವ ರೇಖಾಂಶ ದಾಟುವಾಗ ಕೆಳಗೆ ಒಂದು ಫೋನ್ ಮಾಡು ಮಾರಾಯ ಎಂದು ನಾಲ್ಕು ದಿನದಿಂದ ಥರ್ಡ್ ಆಫೀಸರನಿಗೆ ದುಂಬಾಲು ಬಿದ್ದಿದ್ದೆ. ಆ ಹುಡುಗ ಅಲ್ಲೇನೋ ಬಂಡೆ ಇರಬೇಕೆಂದು ಗಾಬರಿಯಿಂದ ನಕಾಶೆ ಹುಡುಕಿದ್ದ. ಬಂಡೆಯಲ್ಲ, ನಮ್ಮ ಮನೆ. ಅಲ್ಲಿಂದ ಮೂಗಿನ ನೇರಕ್ಕೆ ಉತ್ತರಕ್ಕೆ ಹೊರಟರೆ ಮಾಲ್ಡೀವ್ಸ್ ಎಡಗಡೆಗೆ ಉಳಿಯುತ್ತದೆ. ನಡುವೆ ಒಂದು ಕುದುರು ಸಹ ಅಡ್ಡ ಬಾರದೆ ಹಡಗಿನ ಮೂತಿ ಬಂದು ನಮ್ಮೂರ ದಂಡೆಗೆ ತಾಗುತ್ತದೆ.

ಹತ್ತು ಗಂಟೆಗೆ ಎಂಜಿನ್ ಕಂಟ್ರೋಲ್ ರೂಮಿನಲ್ಲಿ ಚಹಾದ ಹೊತ್ತು. ಮನೆಗೆ ವಿಡಿಯೋ ಕಾಲ್ ಹಾಕಿ, 'ಅಮ್ಮಾ, ನಾನೀಗ ಮನೆ ಎದುರಿಗೇ ಇದ್ದೇನೆ' ಎಂದೆ. ಅಮ್ಮ ಫೋನನ್ನು ಜಗಲಿಯ ಮೇಲೆ ಕವುಚಿ ಹಾಕಿ, ಬೇಲಿಯವರೆಗೆ ಹೋಗಿ ನೋಡಿ ಬಂದಳು. 'ಯಾರೂ ಇಲ್ವಲ್ಲ ತಮಾ.' ಅಕ್ಷಾಂಶ ರೇಖಾಂಶಗಳನ್ನೆಲ್ಲ ಬಿಡಿಸಿ ಹೇಳಿದೆ. ತಾಳ್ಮೆಯಿಂದ ಕೇಳಿ, 'ಅಷ್ಟು ಹತ್ತಿರ ಬಂದವ ಒಂದು ಊಟ ಮಾಡಿಕೊಂಡು ಹೋಗಲಿಕ್ಕೆ ಎಂಥಾ ಧಾಡಿ?' ಎಂದಳು.

ಅಷ್ಟರಲ್ಲಿ ಹೆಂಡತಿ ಫೋನ್ ಕಸಿದುಕೊಂಡಳು. 'ಎದುರಿಗೇ ಇದ್ದೀರಂತಲ್ಲ, ಒಳ್ಳೇದಾಯ್ತು. ಬಾವಿಯ ಪಂಪು ನೀರು ಎತ್ತೂದಿಲ್ಲ. ಏನಾಗಿದೆ ನೋಡಿ.'

ಪಂಪಿನ ಕತೆಗೆ ಮೊದಲು ಗಡಿಯಾರದ ಕತೆ ಹೇಳದಿದ್ದರೆ ಆಗುವುದಿಲ್ಲ. ನಾವು ಬ್ರೆಜಿಲಿನ ಟುಬರಾವೋ ಬಂದರಿನಲ್ಲಿ ಕಬ್ಬಿಣದ ಅದಿರು ತುಂಬಿಕೊಂಡು, ಆಫ್ರಿಕಾದ ತುದಿ ಸುತ್ತಿ, ಚೀನಾದ ಚಿಂಗ್‌ಡಾವ್‌ಗೆ ಹೊರಟವರು. ಸುಮಾರು ನಲವತ್ತು ದಿನದ ದಾರಿ. ಬ್ರೆಜಿಲಿಗೂ ಚೀನಾಕ್ಕೂ ಹನ್ನೊಂದು ಗಂಟೆಯ ವ್ಯತ್ಯಾಸ. ಪೂರ್ವಕ್ಕೆ ಹೋಗುವಾಗ ಮೂರು ನಾಲ್ಕು ದಿನಕ್ಕೊಮ್ಮೆ, 'ಇವತ್ತು ರಾತ್ರಿ ಗಡಿಯಾರ ಒಂದು ಗಂಟೆ ಮುಂದೆ' ಎಂದು ಕ್ಯಾಪ್ಟನ್ ನೋಟೀಸು ಹಚ್ಚುತ್ತಾರೆ. ಆ ಒಂದು ಗಂಟೆಯನ್ನು ಯಾರ ಕೆಲಸದಿಂದಲೂ ಕಳೆಯುವುದಿಲ್ಲ, ನಿದ್ದೆಯಿಂದ ಕಳೆಯುತ್ತಾರೆ. ಹೀಗೆ ಹನ್ನೊಂದು ಸಲ. ಇಷ್ಟೆಲ್ಲ ತಿರುಗಿಸಿದರೂ ನನ್ನ ಗಡಿಯಾರಕ್ಕೂ ಹೆಂಡತಿಯ ಗಡಿಯಾರಕ್ಕೂ ಒಂದು ದಿನವೂ ಹೊಂದಿಕೆಯಾಗುವುದಿಲ್ಲ. ಹಡಗು ಬದಲಿಸುವುದು ಇಡೀ ಗಂಟೆಯನ್ನು, ಭಾರತದ್ದು ಐದೂವರೆ. ಆ ಅರ್ಧ ಎಲ್ಲಿ ಹೋದರೂ ಬಾಕಿ. ಮನೆಯ ನೆಟ್ಟಗೆ ದಕ್ಷಿಣದಲ್ಲಿ ನಿಂತ ಆ ದಿನವೂ ನಮ್ಮ ಗೋಡೆಯ ಮೇಲೆ ಹತ್ತು, ಅವಳ ಗೋಡೆಯ ಮೇಲೆ ಹತ್ತೂವರೆ. ಅವಳು ನನಗಿಂತ ಅರ್ಧ ಗಂಟೆ ಮುಂದೆ. ಈ ಮಾತು ನೆನಪಿನಲ್ಲಿರಲಿ, ನನಗೆ ಇರಲಿಲ್ಲ.

ಹಡಗಿನಲ್ಲಿ ನಾನು ಸೆಕೆಂಡ್ ಎಂಜಿನಿಯರ್. ಮದುವೆಮನೆಗಳಲ್ಲಿ ಇದನ್ನು ಹೇಳಿದರೆ, 'ಫಸ್ಟ್ ಯಾವಾಗ ಆಗ್ತಿ?' ಎನ್ನುತ್ತಾರೆ. ಆಮೇಲೆ ಸಂಬಳ ಕೇಳುತ್ತಾರೆ. ಆಮೇಲೆ ಎಲೆಯ ಮೇಲೆ ಪಾಯಸ ಬೀಳುವವರೆಗೆ, 'ನಿಮಗೇನು, ಆರು ತಿಂಗಳು ರಜೆ, ಆರು ತಿಂಗಳು ಹಡಗಿನಲ್ಲಿ ಗಾಳಿ ಸೇವನೆ' ಎನ್ನುತ್ತಾರೆ. ಗಾಳಿಯಂತೆ! ನನ್ನ ಎಂಜಿನ್ ರೂಮಿನಲ್ಲಿ ಸೆಖೆ 45 ಡಿಗ್ರಿ. ಕಿವಿಗೆ ಮುಚ್ಚಿಗೆ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಪಿಸ್ಟನ್ನಿನ ಕೆಳಗಿನ ಗೂಡಿನೊಳಗೆ ತೆವಳಿ ಮಸಿ ಕೆರೆದು ಹೊರಬಂದಾಗ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ರಾತ್ರಿ ಎಂಜಿನ್ ರೂಮಿನಲ್ಲಿ ಯಾರೂ ಇರುವುದಿಲ್ಲ ನಿಜ. ಅದರ ಬದಲು ಒಂದು ಅಲಾರಾಂ ನಮ್ಮ ಮಂಚದ ತಲೆಗೇ ಮಲಗಿರುತ್ತದೆ. ಅದು ಕೂಗಿದ ಕೆಲವು ನಿಮಿಷದೊಳಗೆ ಕೆಳಗೋಡಿ ಗುಂಡಿ ಒತ್ತದಿದ್ದರೆ ಎಲ್ಲ ಎಂಜಿನಿಯರುಗಳ ಕ್ಯಾಬಿನ್ನಿನಲ್ಲೂ ಬೊಬ್ಬೆ ಎಬ್ಬಿಸುತ್ತದೆ. ಇಷ್ಟರ ನಡುವೆ 24 ತಾಸಿನಲ್ಲಿ ಕನಿಷ್ಠ 10 ತಾಸು ವಿಶ್ರಾಂತಿ ಪಡೆದಿದ್ದೇವೆಂದು ಬರೆದಿಡಬೇಕು, ಅಂತರರಾಷ್ಟ್ರೀಯ ನಿಯಮ. ಕಡಿಮೆಯಾದರೆ ಕಂಪ್ಯೂಟರಿನಲ್ಲಿ ಆ ದಿನ ಕೆಂಪಾಗುತ್ತದೆ. ಕೆಂಪು ಬಂದರೆ ದಡದ ಆಫೀಸಿನಿಂದ ಪತ್ರ. ಪತ್ರಕ್ಕೆ ಉತ್ತರ ಬರೆಯುವುದು ವಿಶ್ರಾಂತಿಯ ಹೊತ್ತಿನಲ್ಲಿ. ಇನ್ನು ಬಿರಿಯಾನಿ ಬಂದರೆ ಭಾನುವಾರ, ಲೈಫ್‌ಬೋಟಿನ ಎಂಜಿನ್ ಗುರ್ ಎಂದರೆ ಶನಿವಾರ. ಉಳಿದ ಐದು ದಿನಕ್ಕೆ ಹೆಸರಿಲ್ಲ.

ಸಾಕು. ಪಂಪಿಗೆ ಬರೋಣ.

ನನ್ನ ಸುಪರ್ದಿಯಲ್ಲಿರುವ ಮುಖ್ಯ ಎಂಜಿನ್ ಸುಮಾರು 22 ಸಾವಿರ ಅಶ್ವಶಕ್ತಿಯದು. ನಮ್ಮ ಮನೆಯ ಪಂಪು ಒಂದು ಅಶ್ವಶಕ್ತಿಯದು. ಇಷ್ಟು ದೊಡ್ಡ ಲಾಯ ನೋಡಿಕೊಳ್ಳುವವನಿಗೆ ಮನೆಯ ಒಂಟಿ ಕುದುರೆ ಯಾವ ಲೆಕ್ಕ? ಮೇಲಾಗಿ, ಸಮುದ್ರದ ನೀರನ್ನು ನಿರ್ವಾತದಲ್ಲಿ ಕುದಿಸಿ ದಿನಕ್ಕೆ 25 ಟನ್ ಸಿಹಿನೀರು ತೆಗೆಯುವ ಯಂತ್ರವೂ ನನ್ನ ಕೈಯಲ್ಲೇ ಇದೆ. ಅಂಥವನ ಮನೆಯಲ್ಲಿ ಬಚ್ಚಲಿಗೆ ನೀರಿಲ್ಲ ಎಂದರೆ ಮಾನದ ಪ್ರಶ್ನೆ. ಕುರ್ಚಿ ಎಳೆದು ಕೂತೆ.

'ಮೋಟಾರು ತಿರುಗ್ತದಾ?'

'ತಿರುಗ್ತದೆ. ನೀರಿಲ್ಲ.'

'ಶಬ್ದ ಹೇಗೆ? ಗುಂಯ್ ಅಂತದೋ, ಗೊರ್ ಅಂತದೋ?'

ಅವಳು ತುಸು ಯೋಚಿಸಿ, 'ಗುಂಯ್ಞ್' ಎಂದಳು. ಈ 'ಞ' ನನಗೆ ಅನುಮಾನ ತರಿಸಿತು. ಇನ್ನೊಮ್ಮೆ ಮಾಡಿ ತೋರಿಸು ಎಂದೆ. ಮಾಡಿದಳು. ಚಹಾ ಕುಡಿಯುತ್ತಿದ್ದ ಫೋರ್ತ್ ಎಂಜಿನಿಯರ್, ಅಂದರೆ ಚಾರ್ ಸಾಬ್, ಲೋಟ ಕೆಳಗಿಟ್ಟು, 'ಬೇರಿಂಗ್' ಎಂದ. ಫಿಟ್ಟರ್ ಮಿಸ್ತ್ರಿ, 'ಬೇರಿಂಗ್ ಅಲ್ಲ, ಗ್ಲ್ಯಾಂಡಿನಲ್ಲಿ ಗಾಳಿ ಎಳೀತಿದೆ' ಎಂದ. ಪಂಪುಗಳೆಲ್ಲ ಚಾರ್ ಸಾಬ್‌ನ ಖಾತೆ. ಕುಮಟೆಯದ್ದಾದರೂ ಪಂಪು ಪಂಪೇ ಎಂದು ಅವನಿಗೆ ಮುಖ ಕೆಂಪಾಯಿತು. ಮೋಟರ್‌ಮನ್ ಎದ್ದು ಬಂದ, ಕೆಡೆಟ್ ಬಂದ. ಕಡೆಗೆ ಚೀಫ್ ಎಂಜಿನಿಯರ್, ನಮ್ಮ ಬಡಾ ಸಾಬ್, ಕೋಲ್ಕತ್ತಾದವರು, ಓದುಗನ್ನಡಕ ಏರಿಸಿಕೊಂಡು ಬಂದು ನನ್ನ ಹೆಗಲ ಮೇಲಿಂದ ಇಣುಕಿ, 'ನಮಸ್ತೆ ಭಾಭಿ' ಎಂದರು. ಆರು ಜನರ ಅನುಭವ ಕೂಡಿಸಿದರೆ ಎಂಬತ್ತು ವರ್ಷ ದಾಟುತ್ತಿತ್ತು. ಅಷ್ಟೂ ವರ್ಷ ನಮ್ಮ ಹಿತ್ತಲಿನ ಆ ಹಸಿರು ಬಣ್ಣದ ಪಂಪನ್ನು ಎವೆಯಿಕ್ಕದೆ ನೋಡಿತು.

ಬಡಾ ಸಾಬ್ ಕೇಳಿದರು: ಸಕ್ಷನ್ ಲಿಫ್ಟ್ ಎಷ್ಟು? ನಾನು ಕೇಳಿದೆ: ಬಾವಿಯಲ್ಲಿ ನೀರು ಎಷ್ಟು ಕೆಳಗಿದೆ? ಅವಳು ಬಗ್ಗಿ ನೋಡಿ, 'ಹಗ್ಗ ಹದಿನಾರು ಕೈ' ಎಂದಳು. ಹದಿನಾರು ಕೈಯನ್ನು ನಾನು ಮೀಟರಿಗೆ ಬದಲಿಸುವಷ್ಟರಲ್ಲಿ ಕೆಡೆಟ್ ಬಿಳಿ ಹಲಗೆಯ ಮೇಲಿದ್ದ ಆ ದಿನದ ಕೆಲಸದ ಪಟ್ಟಿ ಒರೆಸಿ ಬಾವಿಯ ಚಿತ್ರ ಬರೆದ. ಬಾವಿಗೆ ಕಟ್ಟೆ ಬರೆದ. ಕೇಳದೆಯೇ ಪಕ್ಕದಲ್ಲೊಂದು ತೆಂಗಿನಮರ ಬರೆದ. ಮಿಸ್ತ್ರಿ, 'ಕೆಲಸಕ್ಕೆ ಮೊದಲು ಕರೆಂಟ್ ತೆಗೆಸಿದಿರಾ ಸಾಬ್?' ಎಂದ. ಎಲ್ಲರೂ ನನ್ನನ್ನು ಹೇಗೆ ನೋಡಿದರೆಂದರೆ, ಹಡಗಿನಲ್ಲಿ ದಿನಾ ಬೆಳಿಗ್ಗೆ ಸುರಕ್ಷತೆಯ ಭಾಷಣ ಬಿಗಿಯುವವನು ಸ್ವಂತ ಹೆಂಡತಿಯನ್ನು ಕೊಲ್ಲಲು ಹೊರಟನಲ್ಲ ಎಂಬಂತೆ. ತಕ್ಷಣ ಆಜ್ಞೆ ಹೋಯಿತು: ಸ್ವಿಚ್ ಆಫ್, ಫ್ಯೂಸ್ ಕೈಯಲ್ಲಿ, ಸ್ವಿಚ್ಚಿನ ಮೇಲೆ 'ಮುಟ್ಟಬಾರದು' ಎಂದು ಚೀಟಿ. ಚೀಟಿ ಅಂಟಿಸಲು ಅಂಟು ಸಿಗಲಿಲ್ಲವಾಗಿ ಅಮ್ಮನೇ ಸ್ವಿಚ್ಚಿನ ಎದುರು ಕೈಕಟ್ಟಿ ನಿಂತಳು. ಅಂತರರಾಷ್ಟ್ರೀಯ ಮಟ್ಟದ ಯಾವ ಇನ್ಸ್‌ಪೆಕ್ಟರ್ ಬಂದರೂ ಆ ವ್ಯವಸ್ಥೆಯಲ್ಲಿ ತಪ್ಪು ಹುಡುಕುವುದು ಸಾಧ್ಯವಿರಲಿಲ್ಲ.

ಅಲ್ಲಿಂದಲೇ ಅಮ್ಮ ಕೂಗಿದಳು: 'ಫುಟ್‌ಬಾಲ್ ಹೊಸದು ಹಾಕಿದ್ದು ಹೇಳು ಅವನಿಗೆ!'

'ಅತ್ತೆ, ನೀವು ಸುಮ್ಮನಿರಿ' ಎಂದಳು ಇವಳು.

ಬಡಾ ಸಾಬ್‌ಗೆ 'ಫುಟ್‌ಬಾಲ್' ಮಾತ್ರ ಅರ್ಥವಾಯಿತು. ಮಗ ಆಡುತ್ತಾನಾ ಎಂದು ಸಂತೋಷದಿಂದ ಕೇಳಿದರು, ಕೋಲ್ಕತ್ತಾದವರಲ್ಲವೇ. ಹೌದು, ಹೊಸ ಚೆಂಡು ಕೊಡಿಸಿದ್ದಾರಂತೆ ಎಂದೆ. ನಮ್ಮೂರಿನಲ್ಲಿ ಫುಟ್‌ವಾಲ್ವಿಗೆ ಜನ ಫುಟ್‌ಬಾಲ್ ಎನ್ನುತ್ತಾರೆಂದು ಹುಟ್ಟಿದಾಗಿನಿಂದ ಗೊತ್ತಿದ್ದ ನನಗೆ ಆ ಕ್ಷಣ ಹೊಳೆಯಲಿಲ್ಲ. ಪಂಪಿನ ಕಟ್ಟೆಯ ಮೇಲೆ ಮೂರು ಚಹಾ ಲೋಟ ಇದ್ದದ್ದನ್ನೂ, ಹಲಸಿನ ಮರದ ಬುಡದಲ್ಲಿ ಯಾರದೋ ಬೈಕಿನ ಹಿಂದಿನ ಗಾಲಿ ಕಂಡದ್ದನ್ನೂ ನೋಡಿದೆ, ನೋಡಿಯೂ ನೋಡಲಿಲ್ಲ. ಎಂಜಿನಿಯರನ ಕಣ್ಣು ಪಂಪಿನ ಮೇಲೆ.

ಪಂಪಿನ ಮೇಲೆ ಒಂದು ತಗಡು ಇದೆ. ಎಣ್ಣೆಯ ಡಬ್ಬಿ ಕತ್ತರಿಸಿ ಬಿಡಿಸಿ, ಮಳೆ ತಾಗದ ಹಾಗೆ ಅಪ್ಪ ಬಗ್ಗಿಸಿ ಹೊದಿಸಿದ್ದು. ಅಪ್ಪ ಹೋದದ್ದು 2020ರ ಜುಲೈಯಲ್ಲಿ. ಏಳು ತಿಂಗಳ ಕರಾರಿಗೆ ಹೋದ ನಾನು ಕೋವಿಡ್‌ನಿಂದಾಗಿ ಹದಿಮೂರು ತಿಂಗಳು ಹಡಗಿನಲ್ಲಿದ್ದ ವರ್ಷ ಅದು. ಅವಧಿ ಮುಗಿದರೂ ಇಳಿಯಲಾಗದೆ ಉಳಿದವರು ಜಗತ್ತಿನಾದ್ಯಂತ ಸುಮಾರು 4 ಲಕ್ಷ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಆ ವರ್ಷದ ಕೊನೆಗೆ ಅಂದಾಜು ಮಾಡಿತ್ತು. ದಡ ಕಾಣುವಷ್ಟು ಹತ್ತಿರ ಲಂಗರು ಹಾಕಿ ನಿಂತಿದ್ದೆವು. ಯಾರನ್ನೂ ಇಳಿಸಿಕೊಳ್ಳುತ್ತಿರಲಿಲ್ಲ. ಕ್ಯಾಪ್ಟನ್ ಮೇಲಕ್ಕೆ ಕರೆಸಿ, ತಾವೇ ಕುರ್ಚಿ ಎಳೆದು ಕೂರು ಎಂದರು. ಹಡಗಿನಲ್ಲಿ ಕ್ಯಾಪ್ಟನ್ ಯಾರಿಗೂ ಕುರ್ಚಿ ಎಳೆಯುವುದಿಲ್ಲ. ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಆಮೇಲೆ ಕೆಳಗಿಳಿದು, ಬಿಚ್ಚಿಟ್ಟಿದ್ದ ಪ್ಯೂರಿಫೈಯರಿನ ತಟ್ಟೆಗಳನ್ನು ಒಂದೊಂದಾಗಿ ತೊಳೆದೆ. ನೂರಕ್ಕೂ ಹೆಚ್ಚು ಇರುತ್ತವೆ. ಅವತ್ತು ಅದು ಒಳ್ಳೆಯದೇ ಆಯಿತು.

'ಕಾಣ್ತದಾ? ಎಂಥ ಸುಮ್ಮನಾದಿರಿ?' ಎಂದಳು ಇವಳು.

ತೀರ್ಪು ಹೊರಬಿತ್ತು: ಪೈಪಿನಲ್ಲಿ ಗಾಳಿ ತುಂಬಿದೆ, ಪ್ರೈಮಿಂಗ್ ಆಗಬೇಕು. ಮೇಲಿನ ಬಿರಡೆ ಬಿಚ್ಚು, ನೀರು ಹೊಯ್ಯಿ. ಅವಳು ಹಗ್ಗ ಎಳೆದು ಕೊಡ ತುಂಬಿ ತಂದು ಹೊಯ್ದಳು. ಗುಳುಗುಳು ಎಂದು ಗುಳ್ಳೆ ಬಂದವು. ಆರು ಜನವೂ ಉಸಿರು ಬಿಗಿಹಿಡಿದೆವು. ಇನ್ನೂ ಹೊಯ್ಯಿ. ಇನ್ನೂ ಗುಳ್ಳೆ. ನಿಧಾನ, ಗಾಳಿಗೆ ಹೊರಗೆ ಬರಲು ಬಿಡು. ಆ ಮುಖ್ಯ ಘಳಿಗೆಯಲ್ಲೇ ಚಿತ್ರ ನಿಂತುಹೋಯಿತು: ವಾರೆಯಾದ ಕೊಡ, ಗಾಳಿಯಲ್ಲಿ ಹೆಪ್ಪುಗಟ್ಟಿದ ನೀರು, ಹೆಂಡತಿಯ ಅರೆತೆರೆದ ಬಾಯಿ. ಅರ್ಧ ನಿಮಿಷ ಹಾಗೇ ಇತ್ತು. ಅಷ್ಟೂ ಹೊತ್ತು ಆ ಚಿತ್ರದ ಮೇಲೆ ಚರ್ಚೆ ನಡೆಯಿತು. ಕೊಡ ಹಿಡಿದ ಕೋನ ಸರಿಯಿಲ್ಲ ಎಂದು ಮಿಸ್ತ್ರಿ ಹೇಳಿದ. ಮತ್ತೆ ಚಿತ್ರ ಓಡಿದಾಗ ಪಂಪಿನ ಕಂಠದವರೆಗೆ ನೀರು ನಿಂತಿತ್ತು. ಬಿರಡೆ ಹಾಕು. ಫ್ಯೂಸ್ ಹಾಕು. ಅಮ್ಮಾ, ಪಕ್ಕಕ್ಕೆ ಸರಿ. ಸ್ವಿಚ್!

ಕೆಮ್ಮಿತು, ಕೆಂಪು ನೀರು ಕಕ್ಕಿತು, ಆಮೇಲೆ ಧಾರೆ. ಟಾಂಕಿಯೊಳಗೆ ನೀರು ಬಿದ್ದ ಸದ್ದು ಇಲ್ಲಿಗೆ ಕೇಳಿದ್ದೇ ಕಂಟ್ರೋಲ್ ರೂಮಿನಲ್ಲಿ ಚಪ್ಪಾಳೆ. ಚಾರ್ ಸಾಬ್, ಮಿಸ್ತ್ರಿ ಪರಸ್ಪರ ಕೈಕುಲುಕಿದರು. ಬಡಾ ಸಾಬ್ ನನ್ನ ಬೆನ್ನು ತಟ್ಟಿದರು, 22 ಸಾವಿರ ಕುದುರೆಗಳ ಕೆಲಸಕ್ಕೆ ಅವರು ಒಮ್ಮೆಯೂ ತಟ್ಟಿದ್ದಿಲ್ಲ. ಗಡಿಯಾರ ನೋಡಿದರೆ ಚಹಾದ ಹೊತ್ತು ಮುಗಿದು ಕಾಲು ಗಂಟೆಯಾಗಿತ್ತು. ಅದನ್ನು ಯಾವ ಖಾತೆಯಲ್ಲಿ ಬರೆದೆವೆಂದು ಹೇಳುವುದಿಲ್ಲ.

ಮೂರು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ನಾಲ್ಕನೆಯ ದಿನ ಹೆಂಡತಿ ಪೇಟೆಗೆ ಹೋದ ಹೊತ್ತಿನಲ್ಲಿ ಅಮ್ಮ ಸಿಕ್ಕಳು. ಪಂಪು ಹೇಗಿದೆ ಎಂದು ಸಹಜವಾಗಿ, ಅಂದರೆ ಹೊಗಳಿಕೆಗೆ ಬಾಯಿಬಿಟ್ಟುಕೊಂಡು, ಕೇಳಿದೆ.

'ಚಲೋ ಇದೆ. ಪಂಪಿನವ ಹತ್ತು ಗಂಟೆಗೇ ಬಂದು ಫುಟ್‌ಬಾಲ್ ಬದಲು ಮಾಡಿದ್ನಲ್ಲ. ನೀರು ಹೊಯ್ದು ಚಾಲೂ ಮಾಡೂದೊಂದು ಉಳಿದಿತ್ತು. ಅಷ್ಟೊತ್ತಿಗೆ ನಿನ್ನ ಫೋನು. ಅದೊಂದು ಅವರು ಮಾಡಲಿ, ಮೊನ್ನೆ ಮಾವನ ತಿಥಿಯಿಂದ ಮುಖ ಸಣ್ಣ ಮಾಡಿಕೊಂಡಿದ್ದಾರೆ ಅಂತ ಇವಳು ಅವನನ್ನ ಹಲಸಿನ ಬುಡದಲ್ಲಿ ಕೂರಿಸಿದಳು. ಮುಕ್ಕಾಲು ತಾಸು ಕೂತ, ಪಾಪ. ಎರಡು ಸಲ ಚಹಾ ಕುಡಿದ. ಕೂತದ್ದಕ್ಕೆ ನೂರು ರೂಪಾಯಿ ಜಾಸ್ತಿ ತಗಂಡ.'

ಹಡಗನ್ನು ಕಾಯಿಸಿದರೆ ಕೊಡಬೇಕಾದ ದಂಡಕ್ಕೆ ನಮ್ಮಲ್ಲಿ ಡೆಮರೇಜ್ ಎನ್ನುತ್ತಾರೆ. ದಿನಕ್ಕೆ ಸಾವಿರಾರು ಡಾಲರ್. ಒಬ್ಬ ಎಂಜಿನಿಯರನನ್ನು ಉಬ್ಬಿಸಲು ನೂರು ರೂಪಾಯಿ ಡೆಮರೇಜ್ ಕಟ್ಟಿದವಳು ಇವಳೊಬ್ಬಳೇ ಇರಬೇಕು.

ಕಂಟ್ರೋಲ್ ರೂಮಿನಲ್ಲಿ ಈ ಸಂಗತಿ ಯಾರಿಗೂ ಹೇಳಲಿಲ್ಲ. ಕೆಡೆಟ್ ಬರೆದ ಬಾವಿ, ತೆಂಗಿನಮರ ಇನ್ನೂ ಹಲಗೆಯ ಮೂಲೆಯಲ್ಲಿವೆ. ಬಡಾ ಸಾಬ್ ಒರೆಸಲು ಬಿಟ್ಟಿಲ್ಲ. ಹಡಗು ಇಂಡೋನೇಷ್ಯಾ ದಾಟಿ ಉತ್ತರಕ್ಕೆ ತಿರುಗಿದೆ, ಗಡಿಯಾರ ಮತ್ತೆ ಮುಂದೆ ಹೋಗಿದೆ. ಲೆಕ್ಕದಲ್ಲಿ ಈಗ ನಾನೇ ಅವಳಿಗಿಂತ ಎರಡೂವರೆ ಗಂಟೆ ಮುಂದೆ.

ನಿನ್ನೆ ಫೋನ್ ಮಾಡಿದಳು. 'ಮಿಕ್ಸರ್ ಕೆಟ್ಟು ಕೂತಿದೆ. ನಿಮಗೆ ಪುರಸೊತ್ತುಂಟಾ?'

ಅವಳ ಹಿಂದೆ ಜಗಲಿಯ ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಕಾಣುತ್ತಿತ್ತು. ನಾನು ಚಾರ್ ಸಾಬ್‌ಗೆ, ಮಿಸ್ತ್ರಿಗೆ ಬನ್ನಿ ಬನ್ನಿ ಎಂದು ಕೈಸನ್ನೆ ಮಾಡಿ, ಕುರ್ಚಿ ಎಳೆದು ಕೂತು, 'ಮೊದಲು ಸ್ವಿಚ್ ಆಫ್ ಮಾಡಿದ್ಯಾ?' ಎಂದೆ.