ಎರಡೂವರೆ ಶ್ರುತಿಯ ದುಃಖ

ವಿಸ್ಕಾನ್ಸಿನ್‌ನ ಕಾಡಿನಲ್ಲಿ ಅಪ್ಪನ ಬೇಟೆಮನೆ ಸೇರಿ, ಒಂದು ಚಳಿಗಾಲ ಒಬ್ಬನೇ ಕೂತು ಜಸ್ಟಿನ್ ವರ್ನನ್ ಹಾಡು ಕಟ್ಟಿದನಲ್ಲ, ಆ ಜಾತಿಯ ಹಾಡುಗಳೆಂದರೆ ನನಗೆ ಪ್ರಾಣ. ಅಂಥದೇ ಇನ್ನೊಂದು ಪ್ಲೇಟನ್ನು ಸಾವಿರಾರು ರೂಪಾಯಿ ಸುರಿದು ತರಿಸಿದೆ. ಕಾಡೊಂದು ಬಾಕಿ. ಜಯನಗರ ಒಂಬತ್ತನೇ ಬ್ಲಾಕಿನ ಬಾಡಿಗೆಮನೆಯಲ್ಲಿ ಪರದೆ ಎಳೆದು, ದೀಪ ಆರಿಸಿ, ಈರುಳ್ಳಿ ಗಾಡಿಯವನ ಮೈಕು ದೂರವಾಗುವವರೆಗೆ ಕಾದು ಸೂಜಿ ಇಳಿಸಿದೆ.

ಆಹಾ! ಪಾಳುಬಾವಿಯ ತಳದಿಂದ ಎದ್ದುಬಂದಂಥ ಗಂಡುದನಿ. ತೆವಳುವ ಗಿಟಾರು. ನನ್ನ ಕಣ್ಣು ಒದ್ದೆ. ಮೂರನೇ ದಿನ ಪಕ್ಕದ ಮನೆಯವರು ಬಂದು, "ಮನೇಲಿ ಎಲ್ಲಾ ಕ್ಷೇಮ ತಾನೇ?" ಎಂದು ವಿಚಾರಿಸಿದರು.

ಜೆ.ಪಿ. ನಗರದ ಗೆಳೆಯನಿಗೆ ಫೋನಿನಲ್ಲಿ ಒಂದು ಗಂಟೆ ಕೊರೆದೆ. "ಐವತ್ತು ದಾಟಿದ ಗಂಡಸು ಕಣೋ, ಹೆಂಡತಿ ಬಿಟ್ಟುಹೋಗಿರಬೇಕು." ಅವನೂ ಅದೇ ರಾತ್ರಿ ಆರ್ಡರ್ ಮಾಡಿದ.

ಮೇಲಿನ ಮನೆಯಲ್ಲಿ ಸಂಗೀತಪಾಠ ಹೇಳುವ ಮೇಡಂ ಇದ್ದಾರೆ. ಅವರಿಗೂ ಕೇಳಿಸಿ ಉದ್ಧಾರ ಮಾಡೋಣವೆನ್ನಿಸಿತು. ಎರಡು ನಿಮಿಷ ಕೇಳಿದವರೇ, "ಉಸಿರೆಳೆಯೋಕೇ ಇಷ್ಟು ಹೊತ್ತು ತಗೋತಾಳಲ್ರೀ ಈ ಹುಡುಗಿ!" ಎಂದರು.

"ಹುಡುಗಿ ಅಲ್ಲ ಮೇಡಂ."

ಕನ್ನಡಕ ಏರಿಸಿ ಲೇಬಲ್ಲಿಗೆ ಮೂಗು ತಾಗಿಸಿದರು. ಅಂಚಿನಲ್ಲಿ ಇರುವೆಯಷ್ಟು: 45.

ಎಲ್‌ಪಿಯೂ ನಮ್ಮ ಜಯನಗರವೂ 1948ರಲ್ಲೇ ಹುಟ್ಟಿದವು. ನಲವತ್ತೈದರ ಪ್ಲೇಟು ಒಂದು ವರ್ಷ ಕಿರಿಯದು. ದೊಡ್ಡ ಪ್ಲೇಟಾದರೆ ನಿಮಿಷಕ್ಕೆ 33⅓ ಸುತ್ತು, ಏಳಿಂಚಿನ ಸಿನಿಮಾ ಇಪಿಯಾದರೆ 45: ಅಪ್ಪನ ಕಾಲದ ಈ ಲೆಕ್ಕವನ್ನೇ ನಂಬಿದವನು ನಾನು. ದನಿ ಇನ್ನಷ್ಟು ಚೊಕ್ಕವಾಗಲೆಂದು ಹನ್ನೆರಡಿಂಚಿನದನ್ನೂ 45ಕ್ಕೆ ಕೊರೆಯುತ್ತಾರಂತೆ. ನನ್ನ ಯಂತ್ರದ ಗುಂಡಿ 33ರಲ್ಲೇ ಕೂತಿತ್ತು. ನಾಲ್ಕು ನಿಮಿಷದ ಹಾಡು ಹತ್ತಿರಹತ್ತಿರ ಐದೂವರೆ ನಿಮಿಷ ನರಳುತ್ತಿತ್ತು.

"ಐದೂವರೆ ಶ್ರುತಿಯ ಮಗೂನ ಎರಡೂವರೆಗೆ ಇಳಿಸಿದೀರಲ್ರೀ," ಎಂದು ಮೇಡಂ ಗುಂಡಿ ಸರಿಸಿದರು. ಇಪ್ಪತ್ತೈದರ ಪೋರಿಯೊಬ್ಬಳು ಚುರುಕಾಗಿ ಹಾಡತೊಡಗಿದಳು. ದುಃಖ ಇಲ್ಲವೆಂದಲ್ಲ, ಸಂಜೆ ಕಾಫಿ ಸಿಗಲಿಲ್ಲ ಎನ್ನುವಷ್ಟಿತ್ತು. ಅಡುಗೆಮನೆಯಿಂದ ನನ್ನವಳು ಮೊದಲ ಬಾರಿಗೆ, "ಇದು ಪರವಾಗಿಲ್ಲರೀ, ಇದನ್ನೇ ಹಾಕಿ," ಎಂದಳು.

ವಾರ ಕಳೆದು ಗೆಳೆಯನ ಫೋನು. "ಮೋಸ ಆಯ್ತು ಗುರೂ! ಕವರ್ ಅದೇ, ಒಳಗೆ ಯಾವಳೋ ಹುಡುಗಿ ಹಾಡ್ತಿದಾಳೆ. ವಾಪಸ್ ಕಳಿಸಿಬಿಟ್ಟೆ. ನಿನ್ನ ಪ್ಲೇಟು ಎರಡು ದಿನ ಕೊಡೋ."

"ಬಾ," ಎಂದೆ. "ಬರೀ ಪ್ಲೇಟಲ್ಲಿ ಆಗಲ್ಲ. ಮಷೀನೂ ತಗೊಂಡು ಹೋಗು."