ಸ್ತಂಭಾಭಿನಯ ಮೀಮಾಂಸೆ: ಒಂದು ಚಿರತೆಯ ಚರ್ಮವನ್ನು ಆಧರಿಸಿ

ಲಾಸ್ ಏಂಜಲೀಸಿನ ಜೆ. ಪಾಲ್ ಗೆಟ್ಟಿ ಸಂಗ್ರಹಾಲಯದಲ್ಲಿರುವ, ಲೂಯಿಸ್ ಕ್ಯಾರಲ್ 1875ರಲ್ಲಿ ತೆಗೆದ ‘ಸಂತ ಜಾರ್ಜ್ ಮತ್ತು ಡ್ರ್ಯಾಗನ್’ ಎಂಬ ಛಾಯಾಚಿತ್ರವನ್ನು ಬರಿಯ ಮಕ್ಕಳಾಟವೆಂದು ಬಗೆಯುವುದು ನಾಟ್ಯಶಾಸ್ತ್ರಕ್ಕೆ ಮಾಡುವ ಅಪಚಾರವೆಂಬುದು ಈ ಪ್ರಬಂಧದ ಪ್ರತಿಜ್ಞೆ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಚಾರ್ಲ್ಸ್ ಡಾಜ್‌ಸನ್, ಆಲಿಸಳ ಕಥೆಗಳನ್ನು ಬರೆಯುವಾಗ ಬಳಸಿದ ಕಾವ್ಯನಾಮವೇ ಲೂಯಿಸ್ ಕ್ಯಾರಲ್. ಪಾತ್ರಧಾರಿಗಳೆಲ್ಲ ಕಿಚಿನ್ ಮನೆತನದ ಮಕ್ಕಳು: ಹತ್ತು ವರ್ಷದ ಅಲೆಕ್ಸಾಂಡ್ರಾ ಕಿರೀಟ ಧರಿಸಿದ ರಾಜಕುಮಾರಿ, ಒಬ್ಬ ಸೋದರ ಅವಳನ್ನು ಕಾಪಾಡಲು ಮರದ ತೂಗುಕುದುರೆಯೇರಿದ ಸಂತ, ಇನ್ನೊಬ್ಬ ಚಿರತೆಯ ಚರ್ಮ ಹೊದ್ದ ಡ್ರ್ಯಾಗನ್, ಮತ್ತೊಬ್ಬ ನೆಲಕ್ಕುರುಳಿದ ಯೋಧ. ಯುದ್ಧ ಮುಗಿದ ಮೇಲೆ ಎರಡೂ ಪಕ್ಷದವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರಬೇಕೆಂಬ ಊಹೆ ಶಾಸ್ತ್ರಸಮ್ಮತವಲ್ಲದಿದ್ದರೂ ತಳ್ಳಿಹಾಕತಕ್ಕದ್ದಲ್ಲ.

ಆಗಿನ ಛಾಯಾಗ್ರಹಣವು ಕೊಲೋಡಿಯನ್ ವಿಧಾನದ್ದು. ಎಂದರೆ ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಕ್ಯಾಮೆರಾಕ್ಕೆ ಸೇರಿಸಿ ಬೆಳಕು ತೋರಿಸಿ, ಕತ್ತಲಕೋಣೆಗೆ ಓಡಿ ಚಿತ್ರವನ್ನು ಮೂಡಿಸುವ ಕ್ರಮ. ಬೆಳಕು ಮಂಕಾಗಿದ್ದರೆ ಅರ್ಧ ನಿಮಿಷಕ್ಕೂ ಮೀರಿ ಪಾತ್ರಧಾರಿಗಳು ಅಲುಗದೆ ಇರಬೇಕಾಗುತ್ತಿತ್ತು. ನಾಟ್ಯಶಾಸ್ತ್ರದಲ್ಲಿ ಭರತನು ಹೇಳಿದ ನಾಲ್ಕು ಅಭಿನಯಗಳಲ್ಲಿ ಅಂಗಚಲನೆಯ ಆಂಗಿಕಕ್ಕೂ ಮಾತಿನ ವಾಚಿಕಕ್ಕೂ ಇಲ್ಲಿ ಎಡೆಯಿಲ್ಲವಾದ್ದರಿಂದ, ಉಡುಗೆ ತೊಡುಗೆಯ ಆಹಾರ್ಯವೂ ಒಳಗಿನ ಭಾವದಿಂದ ಹೊಮ್ಮುವ ಸಾತ್ವಿಕವೂ ಮಾತ್ರ ಉಳಿಯುತ್ತವೆ. ಎಂಟು ಸಾತ್ವಿಕ ಭಾವಗಳಲ್ಲಿ ಮೊದಲನೆಯದಾದ ಸ್ತಂಭ, ಎಂದರೆ ಮರಗಟ್ಟಿ ನಿಲ್ಲುವುದು, ಛಾಯಾಗ್ರಾಹಕನ ಅಪ್ಪಣೆಯಿಂದಲೇ ಸಿದ್ಧಿಸುತ್ತದೆ. ಬಣ್ಣಗೆಡುವ ವೈವರ್ಣ್ಯವನ್ನು ಕಂದು ಛಾಯೆಯ ಮುದ್ರಣವೇ ಎಲ್ಲರಿಗೂ ಸಮನಾಗಿ ಹಂಚುತ್ತದೆ. ಮೂರ್ಛೆಯೆನಿಸುವ ಪ್ರಳಯವನ್ನು ನೆಲದ ಮೇಲಿನ ಯೋಧ ವಹಿಸಿಕೊಂಡಿದ್ದಾನೆ. ನಡುಕವೆಂಬ ವೇಪಥು ಮಾತ್ರ ಮಹಾಪಾತಕ: ಡ್ರ್ಯಾಗನ್ನಿಗೆ ಹೆದರಿ ನಿಜವಾಗಿ ನಡುಗುವ ರಾಜಕುಮಾರಿಗೆ ಚಿತ್ರದಲ್ಲಿ ಮುಖವೇ ಇರುವುದಿಲ್ಲ. ಆದ್ದರಿಂದಲೇ ಪ್ರಾಣಾಪಾಯದಲ್ಲಿರುವ ಅಲೆಕ್ಸಾಂಡ್ರಾಳ ನಿಶ್ಚಲತೆಯನ್ನು ಭಾವಶೂನ್ಯತೆಯೆಂದು ಟೀಕಿಸುವವರು ರಸಾಯನಶಾಸ್ತ್ರವನ್ನು ಓದಿಕೊಂಡು ಬರತಕ್ಕದ್ದು.

ಇಲ್ಲಿ ಪೂರ್ವಪಕ್ಷದವರು, ಅಲುಗಬಾರದ ಕಡೆ ಅಲುಗುವುದಕ್ಕೆಂದೇ ಮಾಡಿದ ಕುದುರೆಯನ್ನು ತಂದದ್ದೇಕೆಂದು ಕೇಳಬಹುದು. ಸಿದ್ಧಾಂತವೇನೆಂದರೆ, ತೂಗುವ ಸ್ವಭಾವವಿದ್ದೂ ತೂಗದಿರುವುದೇ ತಪಸ್ಸು. ಅಲುಗಲಾರದ ಮಂಚಕ್ಕೆ ಆ ಯೋಗ್ಯತೆಯಿಲ್ಲ. ಸವಾರನೂ ಕತ್ತಿಯನ್ನು ಬೀಸದೆ ಹಿಡಿದುಕೊಂಡಿದ್ದಾನೆ, ಏಕೆಂದರೆ ಬೀಸಿದ ಕತ್ತಿಯು ಡ್ರ್ಯಾಗನ್ನನ್ನು ಕೊಲ್ಲುವ ಮೊದಲು ತಾನೇ ಚಿತ್ರದಿಂದ ಮಾಯವಾಗುತ್ತದೆ.

ಉಳಿದ ಪ್ರಶ್ನೆ ಈ ಕೂಟದ ಪ್ರಧಾನ ನಟ ಯಾರೆಂಬುದು. ಸಂತನಿಗೆ ಕುದುರೆಯ ಆಸರೆಯಿದೆ, ಯೋಧನಿಗೆ ನೆಲದ ಆಸರೆಯಿದೆ, ಡ್ರ್ಯಾಗನ್ ಆದವನು ಚರ್ಮದಡಿಯಲ್ಲಿ ನಕ್ಕಿದ್ದರೂ ಸಾಕ್ಷಿಯಿಲ್ಲ. ಬೆವರದೆ, ನಡುಗದೆ, ಕಣ್ಣು ಮಿಟುಕಿಸದೆ, ಆಹಾರ್ಯಕ್ಕಾಗಿ ಮೈಚರ್ಮವನ್ನೇ ಬಿಟ್ಟುಕೊಟ್ಟ ಚಿರತೆಗೇ ಆ ಪಟ್ಟ ಸಲ್ಲಬೇಕು. ಆದರೂ ಶೀರ್ಷಿಕೆಯಲ್ಲಿ ಅದಕ್ಕೆ ದಕ್ಕಿದ್ದು ಬೇರೊಂದು ಪ್ರಾಣಿಯ ಹೆಸರು. ಯಾರಿಗಾಗಿ ಇಷ್ಟೆಲ್ಲ ಯುದ್ಧ ನಡೆಯಿತೋ ಆ ರಾಜಕುಮಾರಿಗೆ ಅದೂ ದಕ್ಕಿಲ್ಲ.