ಮೂರನೇ ಸಾಲಿನ ನಡುವಿನ ಸೀಟು

ಎಂಟು ಜನರ ವ್ಯಾನಿನಲ್ಲಿ ನಿಜಕ್ಕೂ ಎಂಟು ಜನ ಕೂತುಬಿಟ್ಟರೆ ಸಾಮಾನಿಗೆ ಜಾಗವಿರುವುದಿಲ್ಲ. ಮೂರನೇ ಸಾಲು ಮಡಚಿದ್ದಾಗ ಮದುವೆ ಮನೆಯ ಸಾಮಾನೆಲ್ಲ ಹಿಡಿಸೀತು ಎನ್ನಿಸುವ ಡಿಕ್ಕಿ, ಆ ಸಾಲನ್ನು ಎತ್ತಿ ನಿಲ್ಲಿಸಿದೊಡನೆ ಎರಡು ಸೂಟ್‌ಕೇಸು, ಒಂದು ಕುಕ್ಕರಿಗೆ ಮುಗಿದುಹೋಗುತ್ತದೆ. "ಈ ಸಲ ಎಲ್ಲರೂ ಒಟ್ಟಿಗೆ ಮೆಲ್ಬರ್ನ್‌ನಿಂದ ಅಡಿಲೇಡ್‌ವರೆಗೆ ಸಮುದ್ರದ ದಂಡೆಯಲ್ಲೇ ಹೋಗೋಣಪ್ಪ" ಎಂದು ಮಗಳು ಉತ್ಸಾಹದಿಂದ ಹೇಳಿದಾಗ ಈ ಲೆಕ್ಕ ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಎಂದರೆ ಎಂಬತ್ತೆರಡರ ನಮ್ಮಮ್ಮ, ನಾನು, ನನ್ನಾಕೆ, ಮಗಳು, ಅಳಿಯ, ಆರು ವರ್ಷದ ಮೊಮ್ಮಗ, ಜತೆಗೆ ಧಾರವಾಡದಿಂದ ಬಂದಿಳಿದಿದ್ದ ಬೀಗರು ಮತ್ತು ಬೀಗಿತ್ತಿ. ಬೀಗರ ಜತೆ ಒಂದು ಹೊತ್ತು ಊಟ ಮಾಡುವುದೇ ರಾಜತಾಂತ್ರಿಕ ಕೆಲಸ. ಸುಮಾರು ಸಾವಿರ ಕಿಲೋಮೀಟರ್ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುವುದಕ್ಕೆ ವಿಶ್ವಸಂಸ್ಥೆಯಲ್ಲೂ ತರಬೇತಿ ಇರಲಾರದು.

ಸೀಟು ಹಂಚಿಕೆ ಐದೇ ನಿಮಿಷದಲ್ಲಿ ಮುಗಿಯಿತು, ನನ್ನನ್ನು ಕೇಳದೆ. ಅಳಿಯ ಸ್ಟಿಯರಿಂಗಿಗೆ. ಅವನ ಪಕ್ಕಕ್ಕೆ ಬೀಗರು. ಅವರಿಗೆ ಮಂಡಿನೋವು, ಅದಕ್ಕಿಂತ ಮುಖ್ಯವಾಗಿ ಅವರು ಗಂಡಿನ ಕಡೆಯವರು. ಮದುವೆಯಾಗಿ ಒಂಬತ್ತು ವರ್ಷವಾದರೂ ಗಂಡಿನ ಕಡೆಯವರು ಗಂಡಿನ ಕಡೆಯವರೇ. ಎರಡನೇ ಸಾಲಿನಲ್ಲಿ ಅಮ್ಮ, ಬೀಗಿತ್ತಿ, ಮತ್ತು ಮೊಮ್ಮಗನ ಮಕ್ಕಳ ಸೀಟು. ಏಳು ವರ್ಷದೊಳಗಿನ ಮಗುವನ್ನು ಅಲ್ಲಿ ಮಡಿಲಲ್ಲಿ ಕೂರಿಸಿಕೊಂಡು ಹೋಗುವಂತಿಲ್ಲ. ಸಿಂಹಾಸನದಂಥ ಒಂದು ಸೀಟಿಗೆ ಬಿಗಿದು ಕಟ್ಟಬೇಕು. ಉಳಿದದ್ದು ಮೂರನೇ ಸಾಲು. ಎಡಕ್ಕೆ ನನ್ನಾಕೆ, ಬಲಕ್ಕೆ ಮಗಳು, ನಡುವೆ ನಾನು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು, ಕೊನೆಗೆ ಶಾಖೆಯ ಮ್ಯಾನೇಜರಾಗಿ, ಗಾಜಿನ ಕ್ಯಾಬಿನ್ನಿನಲ್ಲಿ ಕೂತು ನಿವೃತ್ತನಾದವನು ಕಾಲಬುಡದಲ್ಲಿ ಖಡಕ್ ರೊಟ್ಟಿಯ ಡಬ್ಬಿ ಇಟ್ಟುಕೊಂಡು ಮಂಡಿಯನ್ನು ಗಲ್ಲಕ್ಕೆ ಆನಿಸಿ ಕೂತೆ.

ಆದರೂ ನನಗೊಂದು ಖಾತೆ ಇತ್ತು. ನಾನು ಮಾಹಿತಿ ಮಂತ್ರಿ. ಮೈಸೂರಿನಲ್ಲಿದ್ದಾಗಲೇ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಾರಿಯುದ್ದದ ಎಲ್ಲ ಸಂಗತಿ ಬರೆದು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ತಂದಿದ್ದೆ. ಯಾರೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು. ನನ್ನ ಏಕೈಕ ಪ್ರತಿಸ್ಪರ್ಧಿ ಬೀಗರು. ಅವರು ಲೋಕೋಪಯೋಗಿ ಇಲಾಖೆಯ ನಿವೃತ್ತ ಎಂಜಿನಿಯರ್. ನನ್ನ ಬಳಿ ಮಾಹಿತಿ ಇತ್ತು, ಅವರ ಬಳಿ ದನಿ ಇತ್ತು, ಮುಂದಿನ ಸೀಟೂ ಇತ್ತು.

ಗ್ರೇಟ್ ಓಷನ್ ರೋಡ್ ಶುರುವಾಗುತ್ತಿದ್ದಂತೆ ನೋಟ್‌ಬುಕ್ ತೆಗೆದೆ. "ಈ ರಸ್ತೆ ಕಡಿದವರು ಮೊದಲನೇ ಮಹಾಯುದ್ಧದಿಂದ ವಾಪಸು ಬಂದ ಸೈನಿಕರು. 1919ರಲ್ಲಿ ಶುರು, 1932ರಲ್ಲಿ ಪೂರ್ತಿ. ಸುಮಾರು ಮೂರು ಸಾವಿರ ಜನ, ಪಿಕಾಸಿ ಸಲಿಕೆಯಲ್ಲೇ ಬೆಟ್ಟ ಕಡಿದರು. ಯುದ್ಧದಲ್ಲಿ ಸತ್ತ ತಮ್ಮ ಗೆಳೆಯರ ನೆನಪಿಗೆ ಕಟ್ಟಿದ ಸ್ಮಾರಕ ಇದು." ವ್ಯಾನಿನಲ್ಲಿ ಒಂದು ಕ್ಷಣ ಗೌರವದ ಮೌನ. ನನಗೆ ರೋಮಾಂಚನ. ಅಷ್ಟರಲ್ಲಿ ಮುಂದಿನಿಂದ, "ಹದಿಮೂರು ವರ್ಷ ಹಿಡೀತೇನ್ರಿ? ಟೆಂಡರ್ ಎಕ್ಸ್‌ಟೆನ್ಶನ್ ಎಷ್ಟು ಸಲ ಕೊಟ್ಟಿರಬೇಕ!" ಎಂದರು ಬೀಗರು. ಅಲ್ಲಿಂದ ಮುಂದೆ ಲಾರ್ನ್ ಬರುವತನಕ ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಯಾಕೆ ಎತ್ತರಿಸುತ್ತಾರೆ ಎಂಬುದರ ಮೇಲೆ ಉಪನ್ಯಾಸ ನಡೆಯಿತು. ಆ ತಿರುವುಗಳಲ್ಲಿ ನಾನು ಒಮ್ಮೆ ಹೆಂಡತಿಯ ಮೇಲೆ, ಒಮ್ಮೆ ಮಗಳ ಮೇಲೆ ವಾಲುತ್ತ ಅದರ ಪ್ರಾತ್ಯಕ್ಷಿಕೆ ಕೊಡುತ್ತಿದ್ದೆ.

ರಾತ್ರಿ ತಂಗಿದ ಮನೆಯಲ್ಲಿ ಅಮ್ಮನದೊಂದು ಧರ್ಮಸಂಕಟ. ಡಿಸೆಂಬರ್ ಎಂದರೆ ಅಲ್ಲಿ ಬೇಸಿಗೆ, ಸೂರ್ಯ ಎಂಟೂವರೆಯಾದರೂ ಮುಳುಗುವುದಿಲ್ಲ. ದೀಪ ಹಚ್ಚದೆ ಅಮ್ಮ ಊಟಕ್ಕೆ ಕೂರುವವರಲ್ಲ. ಅಮ್ಮ ಕೂರದೆ ಉಳಿದವರು ಕೂರುವಂತಿಲ್ಲ. ಮೈಸೂರಿನ ಸಂಜೆಯ ಲೆಕ್ಕಕ್ಕೆ ಹಚ್ಚಿದರಾಯಿತು ಎಂದೆ. ಬೀಗರು ಬೆರಳು ಮಡಚಿ ಗುಣಿಸಿ, ಮೈಸೂರಿನ ಸಂಜೆ ಆರು ಎಂದರೆ ಇಲ್ಲಿ ರಾತ್ರಿ ಹನ್ನೊಂದೂವರೆ ಎಂದು ಘೋಷಿಸಿದರು. ಮೊಮ್ಮಗ ಎದ್ದುಹೋಗಿ ಕಿಟಕಿಯ ಪರದೆ ಎಳೆದ. ಕೋಣೆ ಕತ್ತಲಾಯಿತು. "ಆಯ್ತಲ್ಲ ಮುತ್ತಜ್ಜಿ, ಹಚ್ಚಿ" ಎಂದ. ಏಳು ಗಂಟೆಗೆಲ್ಲ ಸಾರು ಬಡಿಸಲಾಯಿತು.

ಮಾರನೆಯ ದಿನ ಟ್ವೆಲ್ವ್ ಅಪಾಸಲ್ಸ್. ಸಮುದ್ರ ಕೊರೆದು ಕೊರೆದು ದಡದಿಂದ ಬೇರೆ ಮಾಡಿದ ಸುಣ್ಣಕಲ್ಲಿನ ಕಂಬಗಳು. ಒಂದೊಂದೂ ಹತ್ತು-ಹದಿನೈದು ಅಂತಸ್ತಿನ ಕಟ್ಟಡದಂತೆ ನೀರಿನಲ್ಲಿ ನಿಂತಿವೆ. ಮೊಮ್ಮಗ ಎಣಿಸಿದ, ಎಂಟೇ ಬಂತು. ನಾನು ಕಾಯುತ್ತಿದ್ದ ಪ್ರಶ್ನೆ ಅದೇ. "ಹೆಸರಿಟ್ಟಾಗಲೂ ಹನ್ನೆರಡು ಇರಲಿಲ್ಲ, ಒಂಬತ್ತೇ ಇದ್ದದ್ದು. 2005ರಲ್ಲಿ ಒಂದು ಕುಸಿದುಬಿತ್ತು. ಈ ಹೆಸರಿಡುವುದಕ್ಕೂ ಮೊದಲು ಇವುಗಳ ಹೆಸರು ಹಂದಿ ಮತ್ತು ಮರಿಗಳು ಅಂತ ಇತ್ತು..." ಹಂದಿಯ ಮಾತಿಗೆ ಬರುವಷ್ಟರಲ್ಲಿ ಬೀಗರು ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು, "ಹನ್ನೆರಡು ಅಂತ ಬಿಲ್ ಪಾಸ್ ಆಗೇದ, ಸೈಟಿನ್ಯಾಗ ಎಂಟ ಅದಾವ. ತಿಳೀತಿಲ್ಲೋ?" ಎಂದರು. ಅಳಿಯ ನಕ್ಕ. ಮಗಳು ನಕ್ಕಳು. ನನ್ನಾಕೆ, ನನ್ನ ಹಾಸ್ಯಕ್ಕೆ ಇಷ್ಟು ವರ್ಷದಲ್ಲಿ ತುಟಿ ಬಿಚ್ಚದವಳು, ಕಂಬಿ ಹಿಡಿದುಕೊಂಡು ನಕ್ಕಳು. ನೋಟ್‌ಬುಕ್ಕನ್ನು ಗಾಳಿ ಮಡಚಿತು, ನಾನೂ ಮಡಚಿದೆ.

ಆದರೆ ನನಗೂ ಒಂದು ದಿನ ಬಂತು. ಅದು ಅಲ್ಲಿಂದ ಕೆಲವೇ ನಿಮಿಷದ ದಾರಿಯ ಲಾಕ್ ಆರ್ಡ್ ಕಮರಿಯಲ್ಲಿ. 1878ರ ಜೂನ್ 1ರ ನಸುಕಿನಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ಬರುತ್ತಿದ್ದ ಲಾಕ್ ಆರ್ಡ್ ಎಂಬ ಹಡಗು ಇಲ್ಲಿ ಬಂಡೆಗೆ ಬಡಿದು ಮುಳುಗಿತು. ಇದ್ದವರು 54 ಜನ. ಬದುಕಿದವರು ಇಬ್ಬರೇ: ಹಡಗಿನಲ್ಲಿ ಕೆಲಸ ಕಲಿಯುತ್ತಿದ್ದ ಟಾಮ್ ಪಿಯರ್ಸ್, ಐರ್ಲೆಂಡಿನಿಂದ ಮನೆಯವರ ಜತೆ ಹೊರಟಿದ್ದ ಈವಾ ಕಾರ್ಮೈಕಲ್. ಇಬ್ಬರಿಗೂ ಹತ್ತೊಂಬತ್ತರ ಆಸುಪಾಸು. ಅವನು ಮೊದಲು ದಡ ಮುಟ್ಟಿದ. ಅವಳ ಕೂಗು ಕೇಳಿ ಮತ್ತೆ ನೀರಿಗಿಳಿದು ಎಳೆತಂದ. ಗುಹೆಯಲ್ಲಿ ಮಲಗಿಸಿ, ತೇಲಿಬಂದಿದ್ದ ಬ್ರಾಂದಿ ಕುಡಿಸಿ, ಕಡಿದಾದ ಕಮರಿ ಹತ್ತಿ ಸಹಾಯ ತಂದ.

ಅಮ್ಮ ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. "ಆಮೇಲೆ ಯಾವಾಗ ಮದುವೆಯಾಯ್ತು ಅವರದ್ದು?"

"ಆಗಲಿಲ್ಲ ಅಮ್ಮ. ಊರಿಗೆ ಊರೇ ಅವರಿಬ್ಬರ ಮದುವೆಯಾಗಲಿ ಅಂತ ಆಸೆಪಟ್ಟಿತು. ಅವಳು ಕೆಲವು ತಿಂಗಳಾದ ಮೇಲೆ ಐರ್ಲೆಂಡಿಗೆ ವಾಪಸು ಹೋಗಿ ಬೇರೆಯವನನ್ನು ಮದುವೆಯಾದಳು."

ಅಮ್ಮನಿಗೆ ಹಡಗು ಮುಳುಗಿದ್ದಕ್ಕಿಂತ ಇದು ದೊಡ್ಡ ಆಘಾತ. "ಯಾಕಂತೆ? ಹುಡುಗ ಕೆಟ್ಟವನೇನೋ?" ಬೀಗಿತ್ತಿ ಇನ್ನಷ್ಟು ಹತ್ತಿರ ಸರಿದು, "ಜಾತಕ ಕೂಡಿರಲಿಕ್ಕಿಲ್ಲರೀ" ಎಂದರು. "ಜಾತಕ ಯಾಕೆ ಕೂಡಲ್ಲ? ಐವತ್ನಾಲ್ಕು ಜನದಲ್ಲಿ ಇವರಿಬ್ಬರಿಗೇ ಆಯಸ್ಸು ಅಂದ್ಮೇಲೆ?" ಎಂದು ಅಮ್ಮ ತರ್ಕ ಹೂಡಿದರು. "ಬ್ರಾಂದಿ ಕುಡಿಸಿದ್ದು ಹುಡುಗಿ ಮನಸ್ಸಿಗೆ ಬಂದಿರಲ್ಲ" ಎಂದು ನನ್ನಾಕೆ. ಕೊನೆಗೆ ಮೂವರೂ ಸೇರಿ ಬಂದ ತೀರ್ಮಾನ: ಎರಡೂ ಕಡೆ ಮಾತಾಡಲು ಹಿರಿಯರು ಇರಲಿಲ್ಲ. ಮೈಸೂರು-ಧಾರವಾಡದ ನಡುವೆ ಅನ್ನ-ರೊಟ್ಟಿಯ ತಕರಾರಿದ್ದಾಗಲೂ ಅಮ್ಮ ಒಂದು ಫೋನು ಮಾಡಿ ಕುದುರಿಸಿದ್ದರಲ್ಲ, ಅಂಥವರೊಬ್ಬರು ಈ ದಡದಲ್ಲಿದ್ದಿದ್ದರೆ ಅಂದೇ ಲಗ್ನಪತ್ರಿಕೆ ಆಗಿರುತ್ತಿತ್ತು. ಟಾಮ್ ಪಿಯರ್ಸ್‌ನ ವಿಚಾರ ಅಡಿಲೇಡ್ ಮುಟ್ಟುವವರೆಗೂ ನಿಲ್ಲಲಿಲ್ಲ. "ಮುಂದೆ ಅವನಿಗಾದರೂ ಒಳ್ಳೆ ಸಂಬಂಧ ಸಿಕ್ತೇನೋ?" ಎಂದು ನಡುರಾತ್ರಿ ಎಬ್ಬಿಸಿ ಕೇಳಿದರು. ಸಿಕ್ಕಿತು, ಹಡಗಿನ ಕ್ಯಾಪ್ಟನ್ನೂ ಆದ ಎಂದೆ. ಆಮೇಲೆ ನಿದ್ದೆ ಮಾಡಿದರು.

ಆ ಹಡಗಿನ ಇನ್ನೊಂದು ಪವಾಡ ವಾರ್ನಂಬೂಲ್ ಊರಿನ ಫ್ಲ್ಯಾಗ್‌ಸ್ಟಾಫ್ ಹಿಲ್ ಸಂಗ್ರಹಾಲಯದಲ್ಲಿದೆ. ಆಳೆತ್ತರದ, ಬಣ್ಣ ಬಣ್ಣದ ಪಿಂಗಾಣಿ ನವಿಲು. 1880ರ ಮೆಲ್ಬರ್ನ್ ವಸ್ತುಪ್ರದರ್ಶನಕ್ಕೆಂದು ಇಂಗ್ಲೆಂಡಿನ ಮಿಂಟನ್ ಕಾರ್ಖಾನೆಯವರು ಕಳಿಸಿದ್ದು. ಹಡಗು ನುಚ್ಚುನೂರಾದರೂ ನವಿಲಿನ ಪೆಟ್ಟಿಗೆ ತೇಲಿಕೊಂಡು ದಡಕ್ಕೆ ಬಂತು. ಬೀಗಿತ್ತಿ ಗಾಜಿನ ಮುಂದೆ ಬಹಳ ಹೊತ್ತು ನಿಂತರು. ಅವರು ಧಾರವಾಡದಿಂದ ತಂದ ಮಾವಿನ ಉಪ್ಪಿನಕಾಯಿಯ ಬಾಟಲಿ ವಿಮಾನದಲ್ಲಿ ಒಡೆದು ಇಳಕಲ್ ಸೀರೆಯೊಂದು ಪೂರ್ತಿ ಎಣ್ಣೆ ಕುಡಿದಿತ್ತು. ಆ ಬಾಟಲಿಗೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿಕೊಟ್ಟವರು ಬೀಗರು. "ನೋಡ್ರಿ, ಪ್ಯಾಕಿಂಗ್ ಅಂದ್ರ ಇದು" ಎಂದಷ್ಟೇ ಅಂದರು ಬೀಗಿತ್ತಿ. ಎಂಜಿನಿಯರ್ ಸಾಹೇಬರು ಪಕ್ಕದ ಲಂಗರನ್ನು ಅತಿ ಆಸಕ್ತಿಯಿಂದ ಪರೀಕ್ಷಿಸತೊಡಗಿದರು. ನನಗೆ ಆ ನವಿಲಿನ ಮೇಲೆ ಈಗಲೂ ವಿಶೇಷ ಅಭಿಮಾನ.

ನಿಜವಾದ ಪರೀಕ್ಷೆ ರಾಜ್ಯದ ಗಡಿಯಲ್ಲಿ. ವಿಕ್ಟೋರಿಯಾ ದಾಟಿ ಸೌತ್ ಆಸ್ಟ್ರೇಲಿಯಾ ರಾಜ್ಯದೊಳಕ್ಕೆ ಹಣ್ಣು ಒಯ್ಯುವಂತಿಲ್ಲ. ಹಣ್ಣುನೊಣ ಬಂದು ಅಲ್ಲಿನ ತೋಟಗಳನ್ನು ಕೆಡಿಸೀತೆಂಬ ಭಯ, ಸಿಕ್ಕಿಬಿದ್ದರೆ ದಂಡ. ಹಣ್ಣು ಎಂದರೆ ಬಾಳೆ, ದ್ರಾಕ್ಷಿ ಮಾತ್ರವಲ್ಲ, ಟೊಮೆಟೊ, ಹಸಿಮೆಣಸಿನಕಾಯಿ, ಬದನೆಕಾಯಿಯೂ ಸೇರಿದೆ ಎಂದು ನಾನು ನೋಟ್‌ಬುಕ್ ನೋಡಿ ಓದಿದೆ. ಹಿಂದಿನ ದಿನವಷ್ಟೇ ಬೀಗಿತ್ತಿ ಎರಡು ಕಿಲೋ ಎಳೆ ಬದನೆಕಾಯಿ ಸಿಕ್ಕಿತೆಂದು ಹಿಗ್ಗಿ ಕೊಂಡಿದ್ದರು. "ದುಡ್ಡು ಕೊಟ್ಟು ತಂದಿದ್ದನ್ನ ಕಸದ ಡಬ್ಬಿಗೆ ಹಾಕೂದೇನ್ರಿ?" ಎಂದು ಅವರು ಕೇಳಿದ ಧಾಟಿಗೆ ಕಾನೂನನ್ನು ನಾನೇ ಬರೆದೆನೇನೋ ಅನ್ನಿಸಿತು. ಬೇಯಿಸಿದ್ದಕ್ಕೆ ಅಡ್ಡಿಯಿಲ್ಲ ಎಂದು ಸೇರಿಸಿದೆ. ಅಷ್ಟು ಹೇಳಿದ್ದೇ ತಡ, ಅಳಿಯ ಗಡಿಗೆ ಮುಂಚಿನ ಊರಿನ ಪಾರ್ಕಿಗೆ ವ್ಯಾನು ತಿರುಗಿಸಿದ.

ಆ ದೇಶದ ಪಾರ್ಕುಗಳಲ್ಲಿ ಸಾರ್ವಜನಿಕರಿಗೆಂದು ವಿದ್ಯುತ್ ಒಲೆಗಳಿರುತ್ತವೆ. ಗುಂಡಿ ಒತ್ತಿದರೆ ಸ್ಟೀಲಿನ ಅಗಲ ತಟ್ಟೆ ಕಾಯುತ್ತದೆ, ಕಾಸು ಕೇಳುವುದಿಲ್ಲ. ಅದರ ಮೇಲೆ ಹಿಂದಿನವರು ಏನು ಬೇಯಿಸಿದ್ದರು ಎಂಬುದನ್ನು ಅಮ್ಮನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಗಳು ಉಜ್ಜಿ ತೊಳೆದು ಮೂರು ಪದರ ಅಲ್ಯುಮಿನಿಯಂ ಹಾಳೆ ಹಾಸಿದಳು. ಬೀಗಿತ್ತಿ ಶೇಂಗಾಪುಡಿ ತುಂಬಿ ಎಣ್ಣೆಗಾಯಿ ಇಟ್ಟರು. ನನ್ನಾಕೆ ಮೈಸೂರಿನ ಮಾನ ಉಳಿಸಲು ಟೊಮೆಟೊ ಗೊಜ್ಜಿಗೆ ಇಳಿದಳು. ಆ ತಟ್ಟೆಗೆ ಅಂಚಿಲ್ಲ, ನಡುವೆ ಜಿಡ್ಡು ಇಳಿಯಲೆಂದು ಒಂದು ತೂತಿದೆ. ಹಾಳೆ ಅಲ್ಲೇ ಹರಿಯಿತು. ಗೊಜ್ಜು ನಿಧಾನವಾಗಿ, ಗಂಭೀರವಾಗಿ ತೂತಿನತ್ತ ಹೊರಟಿತು. "ಸ್ಲೋಪ್ ಭಾಳ ಚಲೋ ಕೊಟ್ಟಾರ" ಎಂದು ಬೀಗರು ಬಗ್ಗಿ ನೋಡಿ ಮೆಚ್ಚಿದರು. ನನ್ನಾಕೆ ಅವರಿಗೆ ಏನೂ ಹೇಳುವಂತಿಲ್ಲವಲ್ಲ, "ನೀವು ಸುಮ್ಮನೆ ನಿಂತು ನೋಡ್ತಿದೀರಲ್ರೀ!" ಎಂದು ನನ್ನನ್ನು ಬೈದಳು. ಮೆಣಸಿನಕಾಯಿಯ ಘಾಟಿಗೆ ಪಕ್ಕದ ಒಲೆಯ ಸಂಸಾರ ತಟ್ಟೆ ಎತ್ತಿಕೊಂಡು ಮರದಾಚೆ ಹೋಯಿತು. ನಾನು ಒಬ್ಬನೇ ಕೂತು ಡಜನ್ ಬಾಳೆಹಣ್ಣಿನಲ್ಲಿ ಐದನ್ನು ಕಾನೂನಿಗಾಗಿ ತಿಂದೆ.

ಗಡಿ ದಾಟಿದೊಡನೆ ಗಡಿಯಾರ ಅರ್ಧ ಗಂಟೆ ಹಿಂದಕ್ಕೆ. ಎರಡು ಗಂಟೆಯ ಬಿ.ಪಿ. ಮಾತ್ರೆ ನುಂಗಿ ನೀರು ಕುಡಿದಿದ್ದ ಅಮ್ಮ, ಈಗ ಒಂದೂ ಮುಕ್ಕಾಲು ಎಂದು ಕೇಳಿ ಗಾಬರಿಯಾದರು. "ಇನ್ನು ಕಾಲು ಗಂಟೆಗೆ ಮತ್ತೆ ಎರಡಾಗತ್ತಲ್ಲೋ, ಆಗ ಇನ್ನೊಂದು ನುಂಗ್ಬೇಕಾ?" ಬೇಡವೆಂದು ಎಲ್ಲರೂ ಸೇರಿ ಮನವೊಲಿಸಿದೆವು. ಹಾಗಾದರೆ ಪುಕ್ಕಟೆ ಸಿಕ್ಕ ಈ ಅರ್ಧ ಗಂಟೆಯನ್ನು ಏನು ಮಾಡುವುದು ಎಂದು ಮೊಮ್ಮಗ ಕೇಳಿದ. ನಾನು ಬಾಯಿ ತೆರೆದೆ. ನನ್ನಾಕೆ ಬೇಗ ತೆರೆದಳು. "ಆ ಅರ್ಧ ಗಂಟೆ ನಿಮ್ಮ ತಾತ ಏನೂ ಹೇಳದೆ ಇರಲಿ." ಏಳು ಕೈಗಳು ಮೇಲೆದ್ದವು, ಅಳಿಯ ಕೂಡ ಸ್ಟಿಯರಿಂಗಿನಿಂದ ಒಂದು ಕೈ ಎತ್ತಿದ. ಮೊಮ್ಮಗ ಅಪ್ಪನ ಫೋನಿನಲ್ಲಿ ಟೈಮರ್ ಹಾಕಿದ.

ಹಾಗೆ ಬಾಯಿಗೆ ಬೀಗ ಹಾಕಿಕೊಂಡು ಬಂದು ನಿಂತದ್ದು ಮೌಂಟ್ ಗ್ಯಾಂಬಿಯರ್‌ನ ನೀಲಿ ಸರೋವರದ ಅಂಚಿಗೆ, ನನ್ನ ನೋಟ್‌ಬುಕ್ಕಿನ ಅತ್ಯುತ್ತಮ ಪುಟದ ಎದುರಿಗೆ! ಆರಿದ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು. ಚಳಿಗಾಲದಲ್ಲಿ ಬೂದುಬಣ್ಣ, ನವೆಂಬರ್ ಬಂದರೆ ಕಣ್ಣು ಕುಕ್ಕುವ ನೀಲಿ. ಬೇಸಿಗೆಯಲ್ಲಿ ನೀರು ಬೆಚ್ಚಗಾದಾಗ ಅದರಲ್ಲಿರುವ ಸುಣ್ಣ ಸೂಕ್ಷ್ಮ ಹರಳುಗಳಾಗಿ ಬೇರ್ಪಡುತ್ತದೆ, ಆ ಹರಳುಗಳು ಬೆಳಕಿನ ನೀಲಿಯನ್ನು ಚದುರಿಸುತ್ತವೆ. ಊರಿಗೆಲ್ಲ ಕುಡಿಯುವ ನೀರೂ ಅಲ್ಲಿಂದಲೇ. ಇದೆಲ್ಲ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಇದು ಯಾಕೆ ಇಷ್ಟು ನೀಲಿ?" ಎಂದ ಮೊಮ್ಮಗ.

ನಾನು ಕೈ ಎತ್ತಿದೆ. ಅವನು ಟೈಮರ್ ತೋರಿಸಿದ. ಇನ್ನೂ ಹನ್ನೊಂದು ನಿಮಿಷ.

ಬೀಗರು ಗಂಟಲು ಸರಿಪಡಿಸಿಕೊಂಡರು. "ಕುಡಿಯೂ ನೀರಿನ ಕೆರಿ ಇರಬೇಕು. ಪಾಚಿ ಕಟ್ಟಬಾರದಂತ ಮೈಲುತುತ್ತ ಹಾಕ್ಯಾರ. ಒಂದೀಟು ಜಾಸ್ತೀನ ಬಿದ್ದದ, ಅಷ್ಟ."

"ಹೌದಾ!" ಎಂದರು ಅಮ್ಮ. ಮಗಳು ಅದನ್ನು ವಿಡಿಯೊ ಮಾಡಿದಳು. ಬೀಗಿತ್ತಿ ಧಾರವಾಡದ ತಂಗಿಗೆ ಆಗಲೇ ಧ್ವನಿ ಸಂದೇಶ ಕಳಿಸುತ್ತಿದ್ದರು, ನನ್ನಾಕೆ ನಮ್ಮ ಮೈಸೂರಿನ ವಾಟ್ಸಾಪ್ ಗುಂಪಿಗೆ ಫೋಟೊ ಸಮೇತ ಟೈಪು ಮಾಡುತ್ತಿದ್ದಳು. ನಿಮಿಷದೊಳಗೆ ಕುವೆಂಪುನಗರದಿಂದ ಮೂರು ಹೆಬ್ಬೆರಳು ಬಂದವು. ನನ್ನ ಭಾವಮೈದುನ, ಅವನೂ ನಿವೃತ್ತ ಬ್ಯಾಂಕಿನವನೇ, ನಮ್ಮ ನಗರಪಾಲಿಕೆಯವರೂ ಇದನ್ನು ಕುಕ್ಕರಹಳ್ಳಿ ಕೆರೆಗೆ ಮಾಡಬಾರದೇಕೆ ಎಂದು ಬರೆದ. ನನ್ನಾಕೆ ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದಳು.

ಟೈಮರಿನಲ್ಲಿ ಇನ್ನೂ ನಾಲ್ಕು ನಿಮಿಷವಿತ್ತು.